ಮೂರನೆಯ ಕುರ್ಚಿಗಾಗಿ: ನಮ್ಮ ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಮನೋವಿಜ್ಞಾನ ಮತ್ತು ಸಮಾಜಕಾರ್ಯ ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವಿಶ್ವವಿದ್ಯಾಲಯಗಳಂಥದೇ ಒಂದರಲ್ಲಿ ಎರಡು ವರ್ಷ ಸ್ನಾತಕೋತ್ತರ ಓದು ಮುಗಿಸಿ, ಪ್ರಥಮ ದರ್ಜೆಯ ಅಂಕಪಟ್ಟಿ ಹಿಡಿದು ಇಲ್ಲಿಗೆ ಬಂದವಳು. ಕೆಲಸಕ್ಕೆ ಸೇರಿದ ಮೂರನೆಯ ದಿನ ನನ್ನೆದುರು ಕುಳಿತ ಹೆಂಗಸೊಬ್ಬರ ಮಾತಿನಿಂದ ಈ ಪತ್ರವನ್ನು ಆರಂಭಿಸುತ್ತೇನೆ. ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

"ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗಿದೆ ಮೇಡಂ. ಡಾಕ್ಟರು ಇಸಿಜಿ ಮಾಡಿಸಿ ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಈ ಭಾರ ಎಲ್ಲಿಂದ ಬಂತು?"

ಆ ಹೊತ್ತಿಗೆ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರ ಸಮಾಲೋಚನಾ ಸಿದ್ಧಾಂತದ ಬಗ್ಗೆ ನಾನು ನಾಲ್ಕು ಪುಟ ಬರೆಯಬಲ್ಲವಳಾಗಿದ್ದೆ. ಇನ್ನೊಬ್ಬರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವ ಪರಾನುಭೂತಿ, ನಿರ್ಬಂಧವಿಲ್ಲದ ಸ್ವೀಕಾರ, ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ, ಎಲ್ಲವೂ ಬಾಯಿಪಾಠವಾಗಿದ್ದವು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ: "ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ, ಬೆಳಿಗ್ಗೆ ಸ್ವಲ್ಪ ವಾಕಿಂಗ್ ಮಾಡಿ." ಆಕೆ "ಆಗಲಿ ಮೇಡಂ" ಎಂದು ಎದ್ದರು. ಸೆರಗು ಸರಿಪಡಿಸಿಕೊಂಡು, ಚೀಟಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಹೊರಟರು. ಮತ್ತೆ ಬರಲಿಲ್ಲ. ಬಂದಾಗ ಎದೆಯ ಮೇಲಿದ್ದ ಆ ಕಲ್ಲನ್ನು ಹಾಗೆಯೇ ಹೊತ್ತುಕೊಂಡು ಹೋದರು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ನಾನು ಸೋಮಾರಿ ವಿದ್ಯಾರ್ಥಿನಿಯಾಗಿರಲಿಲ್ಲ. ಕಲಿಸಿದ್ದನ್ನೆಲ್ಲ ಕಲಿತೆ. ಕಲಿಸದೆ ಬಿಟ್ಟದ್ದು ಏನೆಂಬುದು ಮಾತ್ರ ಆ ಕೋಣೆಯಲ್ಲಿ, ಆಕೆಯ ಮುಂದೆ, ಮೊದಲ ಬಾರಿಗೆ ತಿಳಿಯಿತು.

ನಮ್ಮ ಪಠ್ಯಕ್ರಮದಲ್ಲಿ ಸಮಾಲೋಚನಾ ಕೌಶಲಗಳಿಗೆಂದೇ ಒಂದು ಪತ್ರಿಕೆ ಇತ್ತು, ಅದರ ಜೊತೆಗೆ ಪ್ರ್ಯಾಕ್ಟಿಕಲ್ ಕೂಡ. ಆದರೆ ನಲವತ್ತು ಜನರ ತರಗತಿಯಲ್ಲಿ, ಎರಡು ವರ್ಷಗಳಲ್ಲಿ, ರೋಲ್ ಪ್ಲೇ, ಅಂದರೆ ಪಾತ್ರ ವಹಿಸಿ ಮಾಡುವ ಸಮಾಲೋಚನೆಯ ಅಭ್ಯಾಸ, ನಡೆದದ್ದು ಎರಡೇ ಸಲ. ಎರಡು ಸಲವೂ ಮುಂದಿನ ಬೆಂಚಿನ ಇಬ್ಬರು ಎದ್ದು ನಿಂತು ಮಾತನಾಡಿದರು, ಉಳಿದವರು ನೋಡಿದೆವು. ಹತ್ತು ಕೇಸುಗಳ ರೆಕಾರ್ಡ್ ಪುಸ್ತಕ ಬರೆದು ಒಪ್ಪಿಸಬೇಕಿತ್ತು. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಕೈಯಿಂದ ಕೈಗೆ ಬಂತು; ಊರು, ವಯಸ್ಸು, ಹೆಸರಿನ ಮೊದಲಕ್ಷರ ಬದಲಾದವು. ನಾನೂ ಹಾಗೆಯೇ ಬರೆದೆ. ನೋವಿನಲ್ಲಿರುವ ಮನುಷ್ಯರನ್ನು ಹೀಗೆ ಕಲ್ಪಿಸಿ ಬರೆದು ಸಹಿ ಹಾಕಿಸಿಕೊಂಡದ್ದಕ್ಕೆ ನನಗೆ ನಾಚಿಕೆಯಿದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು, "ಸಹಾನುಭೂತಿಗೂ ಪರಾನುಭೂತಿಗೂ ಇರುವ ವ್ಯತ್ಯಾಸವೇನು?" ಹೇಳಿದೆ. ಪೂರ್ತಿ ಅಂಕ ಬಂತು. ಅದನ್ನು ಮಾಡಿ ತೋರಿಸು ಎಂದು ಯಾರೂ ಕೇಳಲಿಲ್ಲ.

ನನ್ನ ಅಧ್ಯಾಪಕರನ್ನು ದೂರಲು ನಾನು ಬರೆಯುತ್ತಿಲ್ಲ. ಅವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಮ್ಮ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲೇ ಪಾಠ ಮಾಡಿದವರು. ನಲವತ್ತು ಜನರ ಮಾತನ್ನು ಒಬ್ಬೊಬ್ಬರದಾಗಿ ಕೇಳಿ ತಿದ್ದುವ ಸಮಯವನ್ನು ಅವರಿಗೆ ಕೊಟ್ಟವರು ಯಾರು? ಆ ಸಮಯವನ್ನು ಕೊಡಬೇಕಾದವರು ನೀವು. ಅದಕ್ಕಾಗಿಯೇ ಈ ಪತ್ರ ನಿಮಗೆ.

ಸಿದ್ಧಾಂತ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಸಿದ್ಧಾಂತ ತಿಳಿಯದ ಸಮಾಲೋಚಕರು ತಮ್ಮ ಮನೆಯ ಅನುಭವವನ್ನೇ ಎಲ್ಲರಿಗೂ ಬಡಿಸುತ್ತಾರೆ. ಅದನ್ನೂ ಹತ್ತಿರದಿಂದ ನೋಡಿದ್ದೇನೆ. ಎರಡು ಸಲ ನಪಾಸಾದ ಹುಡುಗನೊಬ್ಬ "ನಾನು ಯಾವುದಕ್ಕೂ ಬಾರದವನು" ಎಂದಾಗ, ಅದು ಅವನ ಮನಸ್ಸಿನಲ್ಲಿ ತಾನಾಗಿಯೇ ಮೂಡಿದ ಆಲೋಚನೆ, ನಡೆದ ಸಂಗತಿಯಲ್ಲ ಎಂದು ನನಗೆ ಹೊಳೆದದ್ದು ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರನ್ನು ಓದಿದ್ದರಿಂದ. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲ, ಕೇಳಲೇಬೇಕು ಎಂಬುದನ್ನೂ ಓದಿನಿಂದಲೇ ತಿಳಿದೆ. ಆದರೆ ಆ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುವುದು? "ನಿಮಗೆ ಆತ್ಮಹತ್ಯೆಯ ಆಲೋಚನೆಗಳಿವೆಯೇ?" ಎಂದು ಕೇಳಿದರೆ ಹಳ್ಳಿಯಿಂದ ಬಂದ ಹೆಂಗಸು ಬೆಚ್ಚಿ "ಅಯ್ಯೋ ಇಲ್ಲ" ಎನ್ನುತ್ತಾರೆ. ಅದು ಪೊಲೀಸ್ ಠಾಣೆಯ, ಪತ್ರಿಕೆಯ ಮಾತು. "ಇಷ್ಟೆಲ್ಲ ಆದ ಮೇಲೆ, ಈ ಜೀವವೇ ಸಾಕು ಎನಿಸಿದ್ದುಂಟೇ ಅಮ್ಮ?" ಎಂದು ಮೆಲ್ಲಗೆ ಕೇಳಿದರೆ ಎಷ್ಟೋ ಸಲ ಕಣ್ಣು ತುಂಬಿ ಬರುತ್ತದೆ, ಉತ್ತರವೂ ಬರುತ್ತದೆ. ಅಲ್ಲಿಂದ ಮುಂದೆ "ಏನು ಮಾಡಿಕೊಳ್ಳಬೇಕು ಎನಿಸಿತು?" ಎಂದು ಕೇಳಬೇಕು, ಮನೆಯಲ್ಲಿ ಕೀಟನಾಶಕ ಎಲ್ಲಿಟ್ಟಿದ್ದಾರೆಂದು ವಿಚಾರಿಸಬೇಕು, ಮನೋವೈದ್ಯರ ಬಳಿಗೆ ಕೈಹಿಡಿದು ಕರೆದೊಯ್ಯಬೇಕು. ಈ ಒಂದು ಪ್ರಶ್ನೆ ತಡವರಿಸದೆ ನನ್ನ ನಾಲಿಗೆಗೆ ಬರಲು ಒಂದು ವರ್ಷ ಬೇಕಾಯಿತು. ಆ ಒಂದು ವರ್ಷ ನಾನು ಕಲಿತದ್ದು ನಿಜವಾಗಿ ನೊಂದವರ ಮೇಲೆ. ಅದನ್ನು ತರಗತಿಯಲ್ಲಿ, ಸಹಪಾಠಿಯ ಮುಂದೆ, ತಪ್ಪಿ ತಿದ್ದಿಕೊಂಡು ಕಲಿಯಬೇಕಿತ್ತು.

ರೋಜರ್ಸ್ ಅವರ ಬಗ್ಗೆ ನಮಗೆ ಹೇಳದೆ ಬಿಟ್ಟ ಒಂದು ಸಂಗತಿ ಇದೆ. 1940ರ ದಶಕದ ಆರಂಭದಲ್ಲಿ, ಓಹಾಯೊದ ವಿಶ್ವವಿದ್ಯಾಲಯದಲ್ಲಿದ್ದಾಗ, ಅವರು ಸಮಾಲೋಚನೆಯ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ವಿದ್ಯಾರ್ಥಿಗಳೊಂದಿಗೆ ಕುಳಿತು ಕೇಳುತ್ತಿದ್ದರು. ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ, ಮಾತಿಗೆ ಮಾತು, 1942ರಲ್ಲಿ ಅಚ್ಚಿನಲ್ಲಿ ಕೊಟ್ಟರು. ನಾವು ಬಾಯಿಪಾಠ ಮಾಡುವ, ಪರಾನುಭೂತಿ ಮೊದಲಾದ ಷರತ್ತುಗಳನ್ನು ಅವರು ಬರೆದದ್ದು 1957ರಲ್ಲಿ, ಅಂದರೆ ವರ್ಷಗಟ್ಟಲೆ ಹಾಗೆ ಕೇಳಿಸಿಕೊಂಡ ಮೇಲೆ. ತಾನು ಎಲ್ಲಿ ಅಡ್ಡ ಮಾತನಾಡಿದೆ, ಎಲ್ಲಿ ಸುಮ್ಮನಿರಬೇಕಿತ್ತು ಎಂಬುದನ್ನು ಸಮಾಲೋಚಕನೇ ತನ್ನ ಕಿವಿಯಿಂದ ಕೇಳುವ ಆ ಪದ್ಧತಿ ನಮ್ಮ ಪರೀಕ್ಷೆಯ ಉತ್ತರದೊಳಗೆ ಉಳಿಯಲಿಲ್ಲ. ಇಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಧ್ವನಿಮುದ್ರಿಸುವ ಮೊಬೈಲ್ ಇದೆ.

ಈಗ ಭಾಷೆಯ ಮಾತು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕ್ಷಮೆಯಿರಲಿ.

ಸಮಾಲೋಚನೆಯನ್ನು ಸಣ್ಣ ಸಣ್ಣ ಕೌಶಲಗಳಾಗಿ ಬಿಡಿಸಿ ಕಲಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಆಲನ್ ಐವಿ ಮತ್ತು ಸಂಗಡಿಗರು ರೂಪಿಸಿದರು: ಗಮನಕೊಟ್ಟು ಕೂರುವುದು, ತೆರೆದ ಪ್ರಶ್ನೆ ಕೇಳುವುದು, ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹಿಂತಿರುಗಿಸುವುದು, ಭಾವನೆಯನ್ನು ಹೆಸರಿಸುವುದು. ಒಳ್ಳೆಯ ಕ್ರಮ. ಆದರೆ ನಾವು ಅದನ್ನು ಇಂಗ್ಲಿಷ್ ಪುಸ್ತಕದಿಂದ ಓದಿದೆವು, ಇಂಗ್ಲಿಷ್ ವಾಕ್ಯಗಳಲ್ಲೇ ನೆನಪಿಟ್ಟುಕೊಂಡೆವು, ಆಸ್ಪತ್ರೆಯಲ್ಲಿ ಅವುಗಳನ್ನು ಪದಕ್ಕೆ ಪದ ಕನ್ನಡಕ್ಕೆ ತಿರುಗಿಸಿದೆವು. "ನೀವು ದುಃಖವನ್ನು ಅನುಭವಿಸುತ್ತಿರುವಿರಿ ಎಂದು ನನಗೆ ಕೇಳಿಸುತ್ತಿದೆ" ಎಂದು ನಾನು ಒಬ್ಬರಿಗೆ ಹೇಳಿದ್ದೇನೆ. ಅವರು ನನ್ನ ಮುಖವನ್ನು ನೋಡಿದ ಬಗೆ ಇನ್ನೂ ನೆನಪಿದೆ. "ತುಂಬಾ ನೊಂದುಕೊಂಡಿದ್ದೀರಿ" ಎಂದಿದ್ದರೆ ಸಾಕಿತ್ತು.

ಕನ್ನಡದಲ್ಲಿ ಸಂಕಟ ದೇಹದಲ್ಲಿ ಕೂತಿರುತ್ತದೆ. ಹೊಟ್ಟೆ ಉರಿಯುತ್ತದೆ, ಕರುಳು ಕಿತ್ತು ಬರುತ್ತದೆ, ಎದೆ ಹಿಂಡುತ್ತದೆ, ತಲೆ ಕೆಡುತ್ತದೆ, ಜೀವ ಝಲ್ಲೆನ್ನುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಹೊಟ್ಟೆ ಉರಿಯುವುದೂ ನಾದಿನಿಯ ಮನೆ ಕಂಡು ಹೊಟ್ಟೆ ಉರಿಯುವುದೂ ಒಂದೇ ಮಾತು, ಬೇರೆ ಬೇರೆ ಬೆಂಕಿ. "ಬೇಜಾರು" ಎಂಬ ಪದವನ್ನೇ ನೋಡಿ. ರಜೆಯ ಮಧ್ಯಾಹ್ನ ಹೊತ್ತು ಹೋಗದ್ದೂ ಬೇಜಾರು, ಗೆಳತಿ ಮಾತು ಬಿಟ್ಟದ್ದೂ ಬೇಜಾರು, ಆರು ತಿಂಗಳಿಂದ ಊಟ ರುಚಿಸದೆ ನಿದ್ದೆ ಹತ್ತದೆ ಇರುವುದೂ ಬೇಜಾರು. ಉತ್ತರ ಕರ್ನಾಟಕದವರು "ತ್ರಾಸು" ಎಂದಾಗ ಅದು ಕೆಲಸದ ಕಷ್ಟವೋ ಉಸಿರಿನ ಕಷ್ಟವೋ ಮನಸ್ಸಿನದೋ ಎಂದು ಕೇಳಿಯೇ ತಿಳಿಯಬೇಕು. ಖಿನ್ನತೆಯ ಲಕ್ಷಣಗಳ ಪಟ್ಟಿ ಗೊತ್ತಿದ್ದು "ಎಂಥ ಬೇಜಾರು, ಯಾವ ಹೊತ್ತಿಗೆ ಹೆಚ್ಚು?" ಎಂದು ಕೇಳಲು ಬಾರದಿದ್ದರೆ ಆ ಪಟ್ಟಿ ನಮ್ಮ ಕೈಗೆ ಬಂದೂ ಬಾರದಂತೆ.

"ಯಾಕೆ" ಎಂಬ ಪ್ರಶ್ನೆಯೂ ಹಾಗೆಯೇ. ನಮ್ಮಲ್ಲಿ ಅದು ಅತ್ತೆಯ, ಹೆಡ್‌ಮಾಸ್ತರರ, ಸಾಹೇಬರ ಪ್ರಶ್ನೆ. "ಯಾಕೆ ತವರಿಗೆ ಹೋದಿರಿ?" ಎಂದೊಡನೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. "ತವರಿಗೆ ಹೊರಡುವ ಮುಂಚೆ ಏನಾಯಿತು?" ಎಂದರೆ ಕಥೆ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಣ್ಣಿಟ್ಟು ನೋಡಬೇಕೆಂದು ಪುಸ್ತಕ ಹೇಳುತ್ತದೆ. ನನ್ನ ಮುಂದೆ ಕೂರುವ ಹೊಸ ಸೊಸೆ ಮೊದಲ ಎರಡು ಭೇಟಿಗಳಲ್ಲಿ ನೆಲವನ್ನೇ ನೋಡುತ್ತಿರುತ್ತಾಳೆ, ಆಗ ನಾನೂ ಅವಳ ಕೈಬಳೆಗಳತ್ತ ನೋಡುತ್ತ ಮಾತನಾಡುತ್ತೇನೆ. ಹದಿನೇಳರ ಹುಡುಗನನ್ನು "ನೀವು" ಎಂದರೆ ಅವನು ಕಚೇರಿಗೆ ಬಂದಂತೆ ಬಿಗಿಯುತ್ತಾನೆ, ಮೊದಲ ಮಾತಿಗೇ "ನೀನು" ಎಂದರೆ ಇನ್ನೊಬ್ಬ ಮೇಷ್ಟರು ಸಿಕ್ಕಿದರೆಂದು ಮುಖ ತಿರುಗಿಸುತ್ತಾನೆ. ಈಗ ನಾನು ಅವನನ್ನೇ ಕೇಳುತ್ತೇನೆ, ಹೇಗೆ ಮಾತನಾಡಿಸಲಿ ಎಂದು. ಈ ಸಣ್ಣ ಪ್ರಶ್ನೆಯನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರಲಿಲ್ಲ.

ಇನ್ನೊಂದು, "ಅಕ್ಕ" ಎಂಬ ಪದ. ಬಂದ ಹೆಂಗಸರು ಹತ್ತು ನಿಮಿಷದೊಳಗೆ ನನ್ನನ್ನು ಅಕ್ಕ ಎನ್ನುತ್ತಾರೆ. ವೃತ್ತಿಯ ಎಲ್ಲೆ ಮೀರಬಾರದು ಎಂದು ಕಲಿತ ನಾನು ಮೊದಮೊದಲು "ಮೇಡಂ ಎನ್ನಿ" ಎಂದು ತಿದ್ದುತ್ತಿದ್ದೆ. ಅವರು ತಿದ್ದಿಕೊಳ್ಳುತ್ತಿದ್ದರು, ಜೊತೆಗೆ ಮಾತನ್ನೂ ನಿಲ್ಲಿಸುತ್ತಿದ್ದರು. ಆಮೇಲೆ ಆ ಪದವನ್ನು ಒಪ್ಪಿಕೊಂಡೆ. ಆಗ ಅಕ್ಕನ ಕರ್ತವ್ಯಗಳೆಲ್ಲ ಹಿಂದೆಯೇ ಬಂದವು: ಗಂಡನಿಗೆ ಬುದ್ಧಿ ಹೇಳುವುದು, ಬಸ್ ಚಾರ್ಜು ಕೊಡುವುದು, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವುದು. ಎಲ್ಲಿ ನಿಲ್ಲಬೇಕೆಂದು ತೋಚದೆ ಆರು ತಿಂಗಳು ಒದ್ದಾಡಿದೆ. ಕೊನೆಗೆ ನಮ್ಮ ಜಿಲ್ಲೆಯ ಹಿರಿಯ ಸಮಾಲೋಚಕಿಯೊಬ್ಬರು ನನ್ನ ಟಿಪ್ಪಣಿಗಳನ್ನು ಓದಿ ಹೇಳಿದರು: "ಪದವನ್ನು ತಗೊಳ್ಳಮ್ಮ, ಗಡಿಯಾರವನ್ನು ಕೈಬಿಡಬೇಡ. ಅಕ್ಕನಾಗಿ ಕೇಳು, ಮುಕ್ಕಾಲು ಗಂಟೆಗೆ ಎದ್ದು ನಿಲ್ಲು." ಅದೇ ಮೇಲ್ವಿಚಾರಣೆ, ನಾವು ಸೂಪರ್‌ವಿಷನ್ ಎನ್ನುತ್ತೇವೆ. ಎರಡು ವರ್ಷದ ಪದವಿಯಲ್ಲಿ ನನಗೆ ಅದು ಒಂದು ದಿನವೂ ಸಿಗಲಿಲ್ಲ.

ಸಲಹೆ ಕೊಡಬೇಕೋ ಬೇಡವೋ ಎಂಬುದು ನಮ್ಮ ನೆಲದಲ್ಲಿ ಇನ್ನೂ ಕಠಿಣ. "ನೀವೇ ಹೇಳಿ ಅಕ್ಕ, ಓದಿದವರು ನೀವು" ಎಂದು ಕೈಮುಗಿದು ಕೇಳುವವರ ಮುಂದೆ ನಾವು ಸುಮ್ಮನೆ ಕುಳಿತರೆ ಅವರಿಗೆ ಅದು ತಿರಸ್ಕಾರವೆನಿಸುತ್ತದೆ. ಸಮಾಲೋಚನೆ ಎಂಬ ನಮ್ಮ ಪದದಲ್ಲೇ ಜೊತೆಗೂಡಿ ಆಲೋಚಿಸುವ ಅರ್ಥವಿದೆ. "ನಾವಿಬ್ಬರೂ ಕೂತು ಯೋಚಿಸೋಣ, ನಿಮ್ಮ ಮನೆಯನ್ನು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ?" ಎಂದರೆ ಬಹಳ ಜನ ಒಪ್ಪುತ್ತಾರೆ. ಆದರೆ ಗಂಡ ಹೊಡೆಯುತ್ತಿದ್ದಾನೆ ಎಂದವರಿಗೆ ಸಹಾಯವಾಣಿಯ ಸಂಖ್ಯೆ, ಸಾಂತ್ವನ ಕೇಂದ್ರದ ವಿಳಾಸ, ಕಾನೂನಿನ ದಾರಿ ಇವನ್ನೆಲ್ಲ ನೇರವಾಗಿ ಹೇಳಲೇಬೇಕು. ಯಾವಾಗ ಯಾವುದು ಎಂಬ ತೀರ್ಮಾನ ನೂರಾರು ಮಾತುಕತೆಗಳಿಂದಲೇ ಕೈಗೂಡುತ್ತದೆ.

ನೀವು ಕೇಳಬಹುದು, ಇದೆಲ್ಲವನ್ನೂ ವಿಶ್ವವಿದ್ಯಾಲಯ ಹೇಗೆ ಕಲಿಸಲು ಸಾಧ್ಯ ಎಂದು. ಬೇರೆಯವರು ಕಲಿಸುತ್ತಿದ್ದಾರೆ. ಅಮೆರಿಕದಲ್ಲಿ ಸಮಾಲೋಚನಾ ಪದವಿಗಳಿಗೆ ಮಾನ್ಯತೆ ಕೊಡುವ ಸಿಎಸಿಆರ್‌ಇಪಿ ಸಂಸ್ಥೆ 100 ಗಂಟೆಗಳ ಪ್ರಾಯೋಗಿಕ ತರಬೇತಿ, ಆಮೇಲೆ 600 ಗಂಟೆಗಳ ಇಂಟರ್ನ್‌ಶಿಪ್ ಕೇಳುತ್ತದೆ. ಆ 600ರಲ್ಲಿ 240 ಗಂಟೆ ಎದುರಿಗೆ ಕುಳಿತ ಮನುಷ್ಯರೊಂದಿಗೇ ಕಳೆಯಬೇಕು. ಬ್ರಿಟನ್ನಿನಲ್ಲಿ ಸಮಾಲೋಚಕರ ಸಂಸ್ಥೆಯಾದ ಬಿಎಸಿಪಿಯ ಮಾನ್ಯತೆ ಪಡೆದ ಕೋರ್ಸುಗಳಲ್ಲಿ ಮೇಲ್ವಿಚಾರಣೆಯಡಿ ಕನಿಷ್ಠ 100 ಗಂಟೆ ಸಮಾಲೋಚನೆ ನಡೆಸಿರಬೇಕು. ದೂರದ ಮಾತು ಬೇಡವೆಂದರೆ ಪಕ್ಕದ ಗೋವಾವನ್ನು ನೋಡಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮೊದಲು ಮಾನಸಿಕ ಆರೋಗ್ಯದ ಯಾವ ತರಬೇತಿಯೂ ಇಲ್ಲದಿದ್ದ ಸ್ಥಳೀಯರೇ ತೀವ್ರ ಖಿನ್ನತೆಯಿದ್ದವರಿಗೆ ಕೆಲವೇ ಭೇಟಿಗಳ ಸಮಾಲೋಚನೆ ನೀಡಿದರು. ಅದು ಫಲ ಕೊಟ್ಟದ್ದನ್ನು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಅವರ ಬಳಿ ನಮ್ಮ ವಿಷಯದ ಸ್ನಾತಕೋತ್ತರ ಪದವಿ ಇರಲಿಲ್ಲ. ಗುಂಪಾಗಿ ಕುಳಿತು ಪರಸ್ಪರರ ಧ್ವನಿಮುದ್ರಿಕೆ ಕೇಳಿ ಅಂಕ ಕೊಟ್ಟು ತಿದ್ದಿಕೊಳ್ಳುವ ಕ್ರಮವಿತ್ತು. ನಮ್ಮ ಬಳಿ ಪದವಿ ಇದೆ, ಆ ಕ್ರಮವಿಲ್ಲ.

ಹೊರಗಿನವರನ್ನು ನೋಡಿ ನಾಚಬೇಕಾದ ನಾಡೂ ನಮ್ಮದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪ್ರೇಷಕ ಯಂತ್ರವಿಟ್ಟು "ಆಕಾಶವಾಣಿ" ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನಸ್ಸನ್ನು ಓದುವ ವಿದ್ವಾಂಸರೊಬ್ಬರು ಊರಿನ ಜನರ ಕಿವಿಗೆ ತಲುಪುವ ದಾರಿಯನ್ನು ತಮ್ಮ ಮನೆಯಿಂದಲೇ ಹುಡುಕಿದರು; ಈ ಸಂಗತಿ ನೆನೆದಾಗಲೆಲ್ಲ ನನಗೆ ಹೆಮ್ಮೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳ ಬಗ್ಗೆ ದಶಕಗಳ ಕಾಲ ಕನ್ನಡದಲ್ಲಿ ಬರೆದಿದ್ದಾರೆ. ಪದಗಳಿಗೆ ನಮ್ಮಲ್ಲಿ ಬರವಿಲ್ಲ.

ಅಗತ್ಯ ಎಷ್ಟಿದೆ ಎಂಬುದು ನಿಮಗೆ ಗೊತ್ತಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡುವವರು ಕನ್ನಡದಲ್ಲೇ ಅಳುತ್ತಾರೆ. ಆ ಕರೆಗಳನ್ನು ಎತ್ತುವವರು ನಿಮ್ಮ ತರಗತಿಗಳಿಂದಲೇ ಬರಬೇಕು. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ ಸಮಾಲೋಚಕರನ್ನೂ ಮನೋವಿಜ್ಞಾನಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3600 ಗಂಟೆಗಳ ಕಲಿಕೆ ಇರಬೇಕೆನ್ನುತ್ತದೆ. ಪಠ್ಯಕ್ರಮವನ್ನು ಮತ್ತೆ ಬರೆಯುವ ಕೆಲಸ ಹೇಗೂ ನಿಮ್ಮ ಮೇಜಿನ ಮೇಲೆ ಬರುತ್ತದೆ. ಆಗ ಆ ಗಂಟೆಗಳು ಮತ್ತೆ ರೆಕಾರ್ಡ್ ಪುಸ್ತಕದಲ್ಲಿ ತುಂಬಿಹೋಗದಂತೆ ನೋಡಿಕೊಳ್ಳಿ.

ನನ್ನ ಬೇಡಿಕೆ ಸರಳವಾದದ್ದು. ಪ್ರತಿ ವಾರ, ಎಂಟು ಹತ್ತು ಜನರ ಸಣ್ಣ ಗುಂಪಿನಲ್ಲಿ, ಮೂರು ಕುರ್ಚಿಗಳನ್ನು ಹಾಕಿ. ಒಂದರಲ್ಲಿ ಸಮಾಲೋಚಕ, ಇನ್ನೊಂದರಲ್ಲಿ ತನ್ನದೇ ಒಂದು ಸಣ್ಣ ನಿಜವಾದ ಚಿಂತೆಯನ್ನು ಹೇಳಿಕೊಳ್ಳುವ ಸಹಪಾಠಿ, ಮೂರನೆಯದರಲ್ಲಿ ಬಾಯಿ ಬಿಡದೆ ನೋಡಿ ಬರೆದುಕೊಳ್ಳುವವನು. ಸ್ಥಾನಗಳು ಸುತ್ತುತ್ತ ಇರಲಿ. ಆ ಮೂರನೆಯ ಕುರ್ಚಿ ನಮ್ಮ ತರಗತಿಯಲ್ಲಿ ಇರಲಿಲ್ಲ, ನಮ್ಮ ಆಸ್ಪತ್ರೆಗಳಲ್ಲಿಯೂ ಇಲ್ಲ. ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋದಾಗ, ಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಲಿ. ಅವರು ಆಡಿದ ಕನ್ನಡದಲ್ಲೇ, ಧಾರವಾಡದ್ದೋ ಕುಂದಾಪುರದ್ದೋ ಕೊಳ್ಳೇಗಾಲದ್ದೋ, ಮಾತಿಗೆ ಮಾತು ಬರೆದು ತರಲಿ. ಈ ವೃತ್ತಿಯಲ್ಲಿ ದಿನವೂ ತೊಡಗಿರುವ ಹಿರಿಯರೊಬ್ಬರು ಅದನ್ನು ಕೇಳಿ ತಿದ್ದಲಿ. ತಿದ್ದಿದ ಮೇಲೆ ಧ್ವನಿಮುದ್ರಿಕೆಯನ್ನು ಅಳಿಸಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೌಪ್ಯತೆಯನ್ನು ಹಕ್ಕಾಗಿಸಿದೆ. ಅದನ್ನು ಕಾಪಾಡುವುದೂ ಪಾಠದ ಭಾಗವಾಗಲಿ, ಹಾಸ್ಟೆಲಿನ ಊಟದ ಮೇಜಿನ ಮೇಲೆ ಇನ್ನೊಬ್ಬರ ಕಥೆ ಬರಬಾರದು. ಲಿಖಿತ ಪತ್ರಿಕೆಯೊಂದನ್ನು ಕೈಬಿಟ್ಟು, ಇಪ್ಪತ್ತು ನಿಮಿಷದ ಮಾತುಕತೆಯನ್ನು ಪರೀಕ್ಷಕರು ಕುಳಿತು ಕೇಳುವ ಪರೀಕ್ಷೆ ಇಡಿ. ತಿದ್ದುವ ಹಿರಿಯರಿಗೆ ಸರಿಯಾದ ಗೌರವಧನ ಕೊಡಿ.

ವಿದ್ಯಾರ್ಥಿಗಳ ಮನಸ್ಸನ್ನೂ ಮರೆಯಬೇಡಿ. ನಮ್ಮ ಎರಡನೆಯ ರೋಲ್ ಪ್ಲೇಯಲ್ಲಿ ಸಾವಿನ ದುಃಖದ ಪಾತ್ರ ಮಾಡುತ್ತಿದ್ದ ಗೆಳತಿ ನಡುವೆಯೇ ಬಿಕ್ಕಳಿಸಿ ಅತ್ತಳು. ಅವಳ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ ತೊಳೆದುಕೊಂಡು ಬಾ ಎಂದರು. ತೊಳೆದುಕೊಂಡು ಬಂದಳು, ಪಾಠ ಮುಂದುವರಿಯಿತು. ಅವಳು ಈ ವೃತ್ತಿಗೆ ಬರಲೇ ಇಲ್ಲ, ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವಳಾಗಿದ್ದಳು. ಕಲಿಯುವವರಿಗೆ ಹೋಗಿ ಮಾತನಾಡಲು, ಅಂಕ ಕೊಡುವ ಅಧ್ಯಾಪಕರಲ್ಲದ ಬೇರೊಬ್ಬ ಸಮಾಲೋಚಕರನ್ನು ಪ್ರತಿ ವಿಭಾಗವೂ ಗೊತ್ತುಮಾಡಲಿ.

ನನ್ನ ಪಾಲಿನದನ್ನು ಮಾಡಲು ನಾನು ಸಿದ್ಧಳಿದ್ದೇನೆ. ಪ್ರತಿ ಮಂಗಳವಾರ ನಮ್ಮ ಆಸ್ಪತ್ರೆಯಲ್ಲಿ ಮನೋಚೈತನ್ಯ ಶಿಬಿರ ನಡೆಯುತ್ತದೆ, ಮನೋವೈದ್ಯರು ಬರುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೇ ಜನ ಬೆಂಚಿನ ಮೇಲೆ ಕಾದಿರುತ್ತಾರೆ. ನನ್ನಂಥವರು ಬೇರೆ ತಾಲ್ಲೂಕುಗಳಲ್ಲೂ ಇದ್ದಾರೆ. ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಆಸ್ಪತ್ರೆಗೆ ಒಂದು ಪತ್ರ ಬರೆದು ಇಬ್ಬರು ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಕಾಲ ಕಳುಹಿಸಿಕೊಡಿ. ಸಮಾಲೋಚನೆಗೆ ಬಂದವರು ಒಪ್ಪಿದರೆ ಮೊದಲ ತಿಂಗಳು ಆ ವಿದ್ಯಾರ್ಥಿಗಳು ಸುಮ್ಮನೆ ಕುಳಿತು ನನ್ನ ತಪ್ಪುಗಳನ್ನು ಬರೆದುಕೊಳ್ಳಲಿ. ಎರಡನೆಯ ತಿಂಗಳಿಂದ ಅವರು ಮಾತನಾಡಲಿ, ನಾನು ಬರೆದುಕೊಳ್ಳುತ್ತೇನೆ. ನನ್ನ ಕೋಣೆಯಲ್ಲಿ ಸದ್ಯಕ್ಕೆ ಎರಡೇ ಕುರ್ಚಿಗಳಿವೆ. ಇನ್ನೊಂದು ಕುರ್ಚಿ ಬೇಕೆಂದು ಉಗ್ರಾಣಕ್ಕೆ ಬರೆದುಕೊಟ್ಟಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆಯೊಂದರ ಆಪ್ತ ಸಮಾಲೋಚಕಿ